ಮೂಳೆ ಕೂಡಿತು, ನೋವು ಉಳಿಯಿತು

ದೇವಸ್ಥಾನದ ಗೋಪುರದ ತುದಿಯನ್ನು ನೋಡಬೇಕಾದರೆ ನಾವು ತಲೆಯನ್ನು ಹಿಂದಕ್ಕೆ ಬಾಗಿಸುತ್ತೇವೆ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮುಂದಕ್ಕೆ ಬಗ್ಗಿಸುತ್ತೇವೆ. ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕೂಗಿದರೆ ಪಕ್ಕಕ್ಕೆ ಹೊರಳಿಸುತ್ತೇವೆ. ಹೌದೆನ್ನುವುದಕ್ಕೂ ಅಲ್ಲವೆನ್ನುವುದಕ್ಕೂ ಬಾಯಿಗಿಂತ ಮೊದಲು ಕತ್ತೇ ಮುಂದಾಗುತ್ತದೆ. ದಿನವೊಂದಕ್ಕೆ ಹೀಗೆ ಎಷ್ಟು ಬಾರಿ ಮಾಡುತ್ತೇವೆಂಬುದನ್ನು ಆರೋಗ್ಯವಂತರಾದ ಯಾರೂ ಎಣಿಸಿರಲಾರರು. ನಾನು ಎಣಿಸಿದ್ದೇನೆ. ಒಂದು ದಿನ ಬೆಳಗ್ಗೆ ಎದ್ದಾಗಿನಿಂದ ಆರಂಭಿಸಿ, ಕಾಲೇಜಿಗೆ ಹೊರಡುವ ವೇಳೆಗೆ ಲೆಕ್ಕ ಇನ್ನೂರನ್ನು ದಾಟಿದ ಮೇಲೆ ಕೈಬಿಟ್ಟೆ. ಪ್ರತಿಯೊಂದು ಸಲವೂ ನೋಯುತ್ತಿದ್ದುದರಿಂದ ಎಣಿಕೆ ತಪ್ಪುವ ಸಂಭವವೇನೂ ಇರಲಿಲ್ಲ.

ಕತ್ತಿನ ರಚನೆಯನ್ನು ಕೊಂಚ ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಮನುಷ್ಯನ ಕತ್ತಿನಲ್ಲಿ ಏಳು ಕಶೇರುಗಳಿವೆ. ಇಲಿಗೂ ಏಳು, ತಿಮಿಂಗಿಲಕ್ಕೂ ಏಳು, ಜಿರಾಫೆಗೂ ಏಳೇ. ಸ್ಲಾತ್ ಎಂಬ ಮಂದಗತಿಯ ಮರವಾಸಿ ಮತ್ತು ಮ್ಯಾನಟೀ ಎಂಬ ಜಲಚರಗಳನ್ನು ಬಿಟ್ಟರೆ ಸಸ್ತನಿಗಳಲ್ಲೆಲ್ಲ ಹೆಚ್ಚುಕಡಿಮೆ ಇದೇ ನಿಯಮ. ಈ ಏಳರಲ್ಲಿ ಮೊದಲನೆಯದು ಉಂಗುರದಂತಿದ್ದು ತಲೆಬುರುಡೆಯನ್ನು ಹೊರುತ್ತದೆ. ನಾವು ಹೂಂಗುಟ್ಟುವುದು ಬಹುಮಟ್ಟಿಗೆ ಇಲ್ಲಿಂದ. ಎರಡನೆಯದಕ್ಕೆ ಗೂಟದಂತಹ ಮೊಳಕೆಯೊಂದಿದ್ದು, ಮೊದಲನೆಯ ಉಂಗುರವು ಅದರ ಸುತ್ತ ಬೀಸುವ ಕಲ್ಲಿನಂತೆ ತಿರುಗುತ್ತದೆ. ತಲೆಯ ಹೊರಳುವಿಕೆಯಲ್ಲಿ ಅರ್ಧದಷ್ಟು ಪಾಲು ಇದೊಂದೇ ಕೀಲಿನದು. ಉಳಿದ ಕಶೇರುಗಳ ನಡುವೆ ಒಂದೊಂದು ಬಿಲ್ಲೆಯುಂಟು. ಹೊರಗೆ ಗಟ್ಟಿಯಾದ ನಾರಿನ ಸುತ್ತುಗಳು, ಒಳಗೆ ನೀರಿನಂಶ ಹೆಚ್ಚಾಗಿರುವ ಮೆತ್ತನೆಯ ತಿರುಳು. ಕಶೇರುಗಳ ನಡುವಣ ಕೊಳವೆಯಲ್ಲಿ ಕಿರುಬೆರಳಿನ ಗಾತ್ರದ ಬೆನ್ನುಹುರಿ ಇಳಿಯುತ್ತದೆ. ಅದರಿಂದ ಕತ್ತಿನ ಭಾಗದಲ್ಲಿ ಎಂಟು ಜೊತೆ ನರಗಳು ಹೊರಟು, ಅವುಗಳಲ್ಲಿ ಕೆಳಗಿನವು ತೋಳು, ಅಂಗೈ, ಬೆರಳುಗಳಿಗೆ ಹೋಗುತ್ತವೆ.

ಇಷ್ಟು ಸಣ್ಣ ಕಂಬ ಹೊರುವ ತಲೆಯ ತೂಕ ಸುಮಾರು ಐದು ಕಿಲೋಗ್ರಾಂ, ಎಂದರೆ ಹದವಾದ ಒಂದು ಕುಂಬಳಕಾಯಿಯಷ್ಟು. ನಿಮ್ಮ ಪಠ್ಯಪುಸ್ತಕದಲ್ಲಿ ಬರುವ ಮೊದಲನೆಯ ವರ್ಗದ ಸನ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ತಲೆಯ ಗುರುತ್ವಕೇಂದ್ರವು ಅದು ಕುಳಿತಿರುವ ಕೀಲಿಗಿಂತ ಸ್ವಲ್ಪ ಮುಂದಿದೆ; ಹಿಂಬದಿಯ ಮಾಂಸಖಂಡಗಳು ಎಳೆದು ಹಿಡಿದಿರುವುದರಿಂದ ಮಾತ್ರ ತಲೆ ನೆಟ್ಟಗೆ ನಿಂತಿದೆ. ಬಸ್ಸಿನಲ್ಲಿ ತೂಕಡಿಸುವವನ ತಲೆ ಯಾವಾಗಲೂ ಮುಂದಕ್ಕೇ ಏಕೆ ಜೋಲುತ್ತದೆಂಬುದು ಈಗ ಹೊಳೆದಿರಬೇಕು. ತಲೆಯನ್ನು ಮುಂದಕ್ಕೆ ಬಗ್ಗಿಸಿದಷ್ಟೂ ಭಾರದ ಬಾಹು ಉದ್ದವಾಗುತ್ತದೆ, ಹಿಂದಿನ ಮಾಂಸಖಂಡಗಳ ದುಡಿತ ಹೆಚ್ಚುತ್ತದೆ. ಸಿಂಬಿಯ ಮೇಲೆ ತುಂಬಿದ ಕೊಡವನ್ನಿಟ್ಟು ನೆಟ್ಟಗೆ ನಡೆದುಬರುವ ಹೆಂಗಸಿನ ತಲೆ ಕಂಬದ ನೇರಕ್ಕೆ ನಿಂತಿರುತ್ತದೆ. ಗಂಟೆಗಟ್ಟಲೆ ಮೊಬೈಲಿನ ಮೇಲೆ ಬಗ್ಗಿ ಕುಳಿತ ಹುಡುಗನ ತಲೆ ಆ ನೇರವನ್ನು ಬಿಟ್ಟಿರುತ್ತದೆ.

2011ರ ಜುಲೈ ತಿಂಗಳಿನಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಮೋಟಾರು ಸೈಕಲ್ಲಿನಲ್ಲಿ ಬರುತ್ತಿದ್ದಾಗ, ಮಂಡಗದ್ದೆಯ ಬಳಿ ಮಳೆನೀರು ತುಂಬಿದ ಗುಂಡಿಯೊಂದು ನನಗೆ ಕಾಣಲಿಲ್ಲ. ಶಿರಸ್ತ್ರಾಣವಿದ್ದುದರಿಂದ ಬುರುಡೆ ಉಳಿಯಿತು. ತಲೆ ನೆಲಕ್ಕೆ ತಗುಲಿ ಕತ್ತು ಮುಂದಕ್ಕೆ ಮಡಿಸಿತು. ಮನೆಗೆ ನಡೆದುಕೊಂಡೇ ಹೋದೆ. ಮಾರನೆಯ ದಿನ ಕತ್ತು ಹಿಡಿದುಕೊಂಡಿತು. ದಿಂಬನ್ನು ಬಿಸಿಲಿಗೆ ಹಾಕಿದರೆ ಹಿಡಿದ ಕತ್ತು ಬಿಡುತ್ತದೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಆ ಆಷಾಢದಲ್ಲಿ ಬಿಸಿಲೇ ಇರಲಿಲ್ಲ. ಮೂರು ವಾರ ಕಳೆಯುವುದರೊಳಗೆ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳುಗಳಲ್ಲಿ ಜೋಮು ಹಿಡಿದು, ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಂತೆಯೇ ಸೀಮೆಸುಣ್ಣ ಜಾರಿ ಬೀಳತೊಡಗಿತು. ಐದನೆಯ ಮತ್ತು ಆರನೆಯ ಕಶೇರುಗಳ ನಡುವಣ ಬಿಲ್ಲೆ ಒಡೆದು, ಅದರ ತಿರುಳು ಆರನೆಯ ನರದ ಬೇರನ್ನು ಒತ್ತುತ್ತಿತ್ತು. ಆ ನರ ಹೋಗುವುದು ಹೆಬ್ಬೆರಳಿನ ಕಡೆಗೆ. ವೈದ್ಯರು ಚಿತ್ರ ತೆಗೆಸುವುದಕ್ಕೆ ಮೊದಲೇ ಬೆರಳನ್ನು ಮುಟ್ಟಿ ನೋಡಿ ಸ್ಥಳವನ್ನು ಗುರುತಿಸಿಬಿಟ್ಟರು. ಭೌತಶಾಸ್ತ್ರದ ಮೇಷ್ಟ್ರಾದ ನನಗೆ, ಆ ನೋವಿನ ನಡುವೆಯೂ, ಈ ತರ್ಕ ಬಹಳ ಸೊಗಸಾಗಿ ಕಂಡಿತು.

ಇಂತಹ ಬಿಲ್ಲೆಗಳಲ್ಲಿ ಬಹುಪಾಲು ಕೆಲವು ತಿಂಗಳುಗಳಲ್ಲಿ ತಾವೇ ಕುಗ್ಗಿ ತೊಂದರೆ ಕಡಿಮೆಯಾಗುವುದುಂಟು. ನನ್ನದು ಹಾಗಾಗದೆ, ತೋಳಿನ ಬಲ ಕುಂದುತ್ತ ಬಂದುದರಿಂದ 2012ರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕತ್ತಿನ ಹಿಂಭಾಗದ ನೋವಿಗೆ ಮುಂಭಾಗದಲ್ಲಿ ಕೊಯ್ಯುತ್ತಾರೆಂದರೆ ಕೇಳಿದವರು ಬೆಚ್ಚುತ್ತಾರೆ. ಆದರೆ ಹಿಂದಿನಿಂದ ಹೋದರೆ ನಡುವೆ ಬೆನ್ನುಹುರಿ ಅಡ್ಡವಾಗುತ್ತದೆ. ಮುಂದಿನಿಂದ ಹೋದರೆ ಶ್ವಾಸನಾಳ, ಅನ್ನನಾಳಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ನೇರವಾಗಿ ಬಿಲ್ಲೆಯನ್ನು ತಲಪಬಹುದು. ಈ ದಾರಿಯನ್ನು 1950ರ ದಶಕದಲ್ಲಿ ಬಾಲ್ಟಿಮೋರಿನ ರಾಬಿನ್‌ಸನ್ ಮತ್ತು ಸ್ಮಿತ್ ಎಂಬ ಶಸ್ತ್ರವೈದ್ಯರೂ, ಅವರಿಂದ ಬೇರೆಯಾಗಿ ಹವಾಯಿಯ ಹೊನೊಲುಲುವಿನಲ್ಲಿದ್ದ ರಾಲ್ಫ್ ಕ್ಲೋವರ್ಡ್ ಅವರೂ ರೂಢಿಗೆ ತಂದರು. ಇಬ್ಬರ ಬಗೆಯ ವಿವರವಾದ ವರದಿಗಳೂ 1958ರಲ್ಲಿ ಪ್ರಕಟವಾದವು. ಕೆಟ್ಟ ಬಿಲ್ಲೆಯನ್ನು ತೆಗೆದು, ಆ ಜಾಗದಲ್ಲಿ ಸೊಂಟದ ಮೂಳೆಯ ತುಂಡನ್ನೋ ಇಂದಿನ ಕೃತಕ ಪಂಜರವನ್ನೋ ಕೂರಿಸಿ, ಮೇಲಿನ ಮತ್ತು ಕೆಳಗಿನ ಕಶೇರುಗಳು ಬೆಸೆದು ಒಂದಾಗುವಂತೆ ಮಾಡುತ್ತಾರೆ. ಬೆಸುಗೆ ಅಲುಗದಂತೆ ಟೈಟೇನಿಯಂ ಪಟ್ಟಿಯೊಂದನ್ನು ತಿರುಪುಗಳಿಂದ ಬಿಗಿಯುವುದುಂಟು. ನನ್ನ ಕತ್ತಿನಲ್ಲಿ ಅಂತಹ ಪಟ್ಟಿಯಿದೆ.

ಅರಿವಳಿಕೆಯ ಮಂಪರು ಇಳಿದ ಮರುದಿನ ಬೆಳಗ್ಗೆ ತೋಳಿನ ಸೆಳೆತ ಮಾಯವಾಗಿತ್ತು. ಕೆಲವು ವಾರ ಧ್ವನಿ ಗೊಗ್ಗರಾಗಿ, ಅನ್ನ ನುಂಗುವುದು ಕಷ್ಟವಾಯಿತು, ಇದು ನಿರೀಕ್ಷಿತವೇ. ಸೀಮೆಸುಣ್ಣ ಕೈಯಲ್ಲಿ ನಿಂತಿತು. ಆದರೆ ಕತ್ತಿನ ನೋವು ಹೋಗಲಿಲ್ಲ. ಒಂದು ವರ್ಷದ ತರುವಾಯ ಕ್ಷಕಿರಣ ಚಿತ್ರವನ್ನು ಬೆಳಕಿಗೆ ಹಿಡಿದು ವೈದ್ಯರು, “ಮೇಷ್ಟ್ರೇ, ಮೂಳೆ ಬಹಳ ಚೆನ್ನಾಗಿ ಕೂಡಿದೆ,” ಎಂದರು.

“ಆದರೆ ನೋವು ಹೋಗಿಲ್ಲವಲ್ಲ, ಡಾಕ್ಟರೇ?”

ಅವರು ಚಿತ್ರವನ್ನು ಇನ್ನೊಮ್ಮೆ ನೋಡಿದರು. “ಹೋಗಬೇಕಾಗಿತ್ತು,” ಎಂದರು.

ಅವರು ಸುಳ್ಳು ಹೇಳಲಿಲ್ಲ, ಉದಾಸೀನರೂ ಆಗಿರಲಿಲ್ಲ. ಈ ಶಸ್ತ್ರಚಿಕಿತ್ಸೆಯ ಮುಖ್ಯ ಉದ್ದೇಶ ನರದ ಮೇಲಿನ ಒತ್ತಡವನ್ನು ತೆಗೆಯುವುದು. ತೋಳಿನ ನೋವಿಗೆ ಅದು ಕೊಡುವಷ್ಟು ಭರವಸೆಯನ್ನು ಕತ್ತಿನ ನೋವಿಗೆ ಕೊಡಲಾರದು. ಇದನ್ನು ನಾನು ಮೊದಲೇ ಕೇಳಿ ತಿಳಿದುಕೊಳ್ಳಬೇಕಾಗಿತ್ತು. ಬೇರೊಂದು ಕಡೆ ತೋರಿಸಿಕೊಂಡಾಗ ಅಲ್ಲಿನ ವೈದ್ಯರು ಎರಡು ನಿಮಿಷ ಕಾಗದಗಳನ್ನು ತಿರುವಿ, “ಇದೆಲ್ಲ ನಿಮ್ಮ ಮನಸ್ಸಿನಲ್ಲಿದೆ,” ಎಂದುಬಿಟ್ಟರು. ಮನೆಗೆ ಬಂದು ಆ ದಿನ ನಾನು ಊಟ ಮಾಡಲಿಲ್ಲ. ನನಗೆ ಸಿಟ್ಟು ಬಂದುದಕ್ಕಿಂತ ಹೆಚ್ಚಾಗಿ, ಹಳೆಯದೊಂದು ನೆನಪು ಬಂದಿತ್ತು.

ನನ್ನ ಅಪಘಾತಕ್ಕೆ ನಾಲ್ಕು ವರ್ಷ ಮುಂಚೆ, ಪಿ.ಯು. ಮೊದಲನೆಯ ವರ್ಷದ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ರಜೆಯಲ್ಲಿ ತಂದೆಯೊಡನೆ ಕೊನೆಕೊಯ್ಲಿಗೆ ಹೋಗಿ ಅಡಕೆ ಮರದಿಂದ ಬಿದ್ದಿದ್ದವನು. ಗಾಯ ಮಾಗಿದೆ, ಮೂಳೆ ಮುರಿದಿಲ್ಲ ಎಂದು ಆಸ್ಪತ್ರೆಯ ಚೀಟಿಯಲ್ಲಿತ್ತು. ತರಗತಿಯಲ್ಲಿ ಅರ್ಧ ಗಂಟೆ ಕಳೆದ ಮೇಲೆ ಹಿಂದಿನ ಗೋಡೆಯ ಬಳಿ ನಿಂತುಕೊಳ್ಳುತ್ತೇನೆಂದು ಅವನು ಕೇಳಿದ. ಚೀಟಿಯನ್ನು ಓದಿದ ನಾನು, ಪಾಠ ತಪ್ಪಿಸಿಕೊಳ್ಳುವುದಕ್ಕೆ ಇದೊಂದು ನೆಪವೆಂದುಕೊಂಡು, ಕುಳಿತುಕೋ ಎಂದೆ. ಎರಡನೆಯ ವರ್ಷಕ್ಕೆ ಅವನು ಬರಲಿಲ್ಲ. ಬೇರೆ ಕಾರಣಗಳೂ ಇದ್ದಿರಬಹುದು, ನಾನು ವಿಚಾರಿಸಲಿಲ್ಲ.

ಹೀಗೆ ನಂಬದಿರುವುದಕ್ಕೆ ದೊಡ್ಡ ಚರಿತ್ರೆಯೇ ಇದೆ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ರೈಲುಗಳು ಹೆಚ್ಚಿದಂತೆ ಅಪಘಾತಗಳೂ ಹೆಚ್ಚಿದವು. ಹೊರಗೆ ಗಾಯವಿಲ್ಲದೆ ಪಾರಾದವರು ಕೆಲವು ದಿನಗಳ ತರುವಾಯ ಬೆನ್ನು, ಕತ್ತುಗಳ ನೋವಿನಿಂದ ಹಾಸಿಗೆ ಹಿಡಿಯುತ್ತಿದ್ದರು. ಲಂಡನ್ನಿನ ಜಾನ್ ಎರಿಕ್ ಎರಿಕ್ಸನ್ 1866ರಲ್ಲಿ ಇದರ ಬಗ್ಗೆ ಗ್ರಂಥವನ್ನೇ ಬರೆದು, ಬೆನ್ನುಹುರಿಗೆ ಕಾಣದ ಪೆಟ್ಟು ಬಿದ್ದಿದೆಯೆಂದು ವಾದಿಸಿದರು. ಜನ ಇದನ್ನು ‘ರೈಲ್ವೆ ಬೆನ್ನುಮೂಳೆ’ ಎಂದೇ ಕರೆದರು. ರೈಲ್ವೆ ಕಂಪೆನಿಯೊಂದರ ಶಸ್ತ್ರವೈದ್ಯರಾಗಿದ್ದ ಹರ್ಬರ್ಟ್ ಪೇಜ್ 1883ರಲ್ಲಿ ಇದನ್ನು ಅಲ್ಲಗಳೆದು, ಬಹುಮಟ್ಟಿಗೆ ಇದು ಗಾಬರಿಯ ಫಲವೆಂದರು. ಪರಿಹಾರದ ಹಣಕ್ಕಾಗಿ ನ್ಯಾಯಾಲಯಗಳಲ್ಲಿ ಇದೇ ಜಗ್ಗಾಟ ವರ್ಷಗಟ್ಟಲೆ ನಡೆಯಿತು. ಗಾಯವೋ, ಗಾಬರಿಯೋ? ಎರಡರಲ್ಲಿ ಒಂದಾಗಿರಲೇಬೇಕೆಂದು ಎರಡು ಪಕ್ಷದವರೂ ಒಪ್ಪಿದ್ದರು. ತಪ್ಪು ಇದ್ದುದು ಅಲ್ಲಿಯೇ.

ಆ ತಪ್ಪಿನ ಬೇರು ಇನ್ನೂ ಹಳೆಯದು. ಫ್ರಾನ್ಸಿನ ತತ್ತ್ವಜ್ಞಾನಿ ಡೇಕಾರ್ಟ್, ತಾನು ಸತ್ತ ಮೇಲೆ 1664ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ, ನೋವನ್ನು ಗಂಟೆಯ ಹಗ್ಗಕ್ಕೆ ಹೋಲಿಸಿದ್ದಾನೆ. ಕೆಳಗೆ ಹಗ್ಗವನ್ನು ಜಗ್ಗಿದರೆ ಮೇಲೆ ಗಂಟೆ ಬಾರಿಸುತ್ತದೆ. ಹಾಗೆಯೇ ಕಾಲಿಗೆ ಬೆಂಕಿ ತಗುಲಿದರೆ ಮಿದುಳಿನಲ್ಲಿ ನೋವಾಗುತ್ತದೆ. ಹೋಲಿಕೆ ಸುಂದರವಾಗಿದೆ. ಅದರ ಪ್ರಕಾರ, ಜಗ್ಗುವವರಿಲ್ಲದೆ ಗಂಟೆ ಬಾರಿಸಕೂಡದು. ಬಾರಿಸುತ್ತಿದೆಯೆಂದು ಯಾರಾದರೂ ಹೇಳಿದರೆ ಅವರು ಭ್ರಮೆಯಲ್ಲಿರಬೇಕು, ಇಲ್ಲವೆ ಸುಳ್ಳು ಹೇಳುತ್ತಿರಬೇಕು.

ವಾಸ್ತವದಲ್ಲಿ ನರಗಳು ಹಗ್ಗದಂತಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಇಟಲಿಯ ರಣಾಂಗಣದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಅರಿವಳಿಕೆ ವೈದ್ಯ ಹೆನ್ರಿ ಬೀಚರ್, ಭಾರಿ ಗಾಯಗಳಾದ ಸೈನಿಕರನ್ನು ನೋವಿನ ಔಷಧಿ ಬೇಕೇ ಎಂದು ಕೇಳಿದರೆ ಹೆಚ್ಚಿನವರು ಬೇಡವೆಂದರು. ಗಾಯ ದೊಡ್ಡದು, ನೋವು ಚಿಕ್ಕದು. 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು, ಬೆನ್ನುಹುರಿಯಲ್ಲಿ ಬಾಗಿಲಿನಂತಹ ವ್ಯವಸ್ಥೆಯೊಂದಿದೆ, ಕೆಳಗಿನಿಂದ ಬರುವ ಸಂಕೇತಗಳಲ್ಲಿ ಎಷ್ಟನ್ನು ಮೇಲಕ್ಕೆ ಬಿಡಬೇಕೆಂಬುದನ್ನು ಅದು ನಿರ್ಧರಿಸುತ್ತದೆ, ಮಿದುಳು ಮೇಲಿನಿಂದ ಆ ಬಾಗಿಲನ್ನು ತೆರೆಯಬಲ್ಲದು, ಮುಚ್ಚಬಲ್ಲದು ಎಂಬ ಸಿದ್ಧಾಂತವನ್ನು ಮಂಡಿಸಿದರು. ಪೆಟ್ಟಾದ ಮೊಣಕಾಲನ್ನು ತಿಕ್ಕಿಕೊಂಡರೆ ಹಾಯೆನಿಸುವುದೇಕೆ ಎಂಬ ಸರಳ ಪ್ರಶ್ನೆಗೂ ಇದರಲ್ಲಿ ಉತ್ತರವಿತ್ತು: ಸ್ಪರ್ಶದ ಸಂಕೇತಗಳು ಬಾಗಿಲಿನಲ್ಲಿ ನುಗ್ಗಿ ನೋವಿನ ಸಂಕೇತಗಳನ್ನು ತಡೆಯುತ್ತವೆ. ಸಿದ್ಧಾಂತದ ಕೆಲವು ವಿವರಗಳನ್ನು ಆಮೇಲೆ ತಿದ್ದಬೇಕಾಯಿತು. ಮೂಲ ವಿಚಾರ ಉಳಿದುಕೊಂಡಿತು. 1983ರಲ್ಲಿ ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಕ್ಲಿಫರ್ಡ್ ವುಲ್ಫ್ ಇಲಿಗಳ ಮೇಲಿನ ಪ್ರಯೋಗಗಳಿಂದ ಇನ್ನೊಂದು ಅಂಶವನ್ನು ತೋರಿಸಿದರು. ಗಾಯವಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಬದಲಾಗುತ್ತವೆ. ಮೊದಲು ಅವು ಲೆಕ್ಕಿಸದಿದ್ದ ಅಲ್ಪ ಪ್ರಚೋದನೆಗೂ ದೊಡ್ಡದಾಗಿ ಸ್ಪಂದಿಸತೊಡಗುತ್ತವೆ.

ಕಳ್ಳ ಬಂದಾಗ ಬೊಗಳಬೇಕಾದ ಮನೆಯ ನಾಯಿಯನ್ನು ನೆನೆಯಿರಿ. ಒಮ್ಮೆ ನಿಜವಾಗಿ ಕಳ್ಳ ನುಗ್ಗಿದ ತರುವಾಯ ಅದು ಹಾಲಿನವನಿಗೂ ಬೊಗಳುತ್ತದೆ, ಗಾಳಿಗೆ ಬಾಗಿಲು ಕದಲಿದರೂ ಬೊಗಳುತ್ತದೆ. ಬೊಗಳಿಕೆ ಸುಳ್ಳಲ್ಲ, ಎಲ್ಲರ ಕಿವಿಗೂ ಕೇಳುತ್ತದೆ. ಆದರೆ ಅದರಿಂದ ಕಳ್ಳ ಬಂದಿದ್ದಾನೆಂದು ತೀರ್ಮಾನಿಸಲಾಗದು. ಪೆಟ್ಟು ಮತ್ತು ಶಸ್ತ್ರಚಿಕಿತ್ಸೆಗಳ ಬಳಿಕ ಉಳಿಯುವ ನೋವಿನಲ್ಲಿ ಎಷ್ಟೋ ಸಲ ಆಗಿರುವುದು ಇದು. ಮೂಳೆ ಕೂಡಿದೆ, ಗಾಯ ಮಾಗಿದೆ. ಕಾವಲಿನ ವ್ಯವಸ್ಥೆ ಮಾತ್ರ ಎಚ್ಚರದ ಮಟ್ಟವನ್ನು ಇಳಿಸಿಲ್ಲ. ಭಯ, ನಿದ್ರೆಗೇಡು, ಕಳವಳಗಳು ಅದನ್ನು ಇನ್ನಷ್ಟು ಕೆರಳಿಸುತ್ತವೆ. ಅಂದಮಾತ್ರಕ್ಕೆ ನೋವು ‘ಮನಸ್ಸಿನಲ್ಲಿದೆ’ ಎಂದಲ್ಲ. ಅದು ನರಗಳಲ್ಲಿ ಇದೆ, ಮಿದುಳು ಕೂಡ ನರಗಳ ಮೊತ್ತವೇ.

ಚಿತ್ರಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಜಪಾನಿನಲ್ಲಿ ಕತ್ತಿನ ತೊಂದರೆಯೇನೂ ಇಲ್ಲದ 1211 ಜನರ ಕತ್ತನ್ನು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಶೇಕಡ 87ಕ್ಕೂ ಹೆಚ್ಚು ಜನರ ಬಿಲ್ಲೆಗಳು ಉಬ್ಬಿದ್ದವು. ಇಪ್ಪತ್ತರ ಹರೆಯದವರಲ್ಲಿಯೂ ಬಹುಮಂದಿಗೆ ಹಾಗಿತ್ತು. ಉಬ್ಬಿದ ಬಿಲ್ಲೆಯಿದ್ದೂ ನೋವಿಲ್ಲದವರಿರುವಂತೆ, ಸರಿಯಾದ ಚಿತ್ರವಿದ್ದೂ ನೋವಿರುವವರು ಇದ್ದಾರೆ. ಚಿತ್ರವು ಮೂಳೆಯನ್ನು ತೋರಿಸುತ್ತದೆ. ನೋವನ್ನು ತೋರಿಸುವ ಯಂತ್ರ ಇನ್ನೂ ಬಂದಿಲ್ಲ.

ಈ ವಿಷಯವನ್ನು ವೈದ್ಯಶಾಸ್ತ್ರದ ಗಮನಕ್ಕೆ ತಂದವರಲ್ಲಿ ಮುಖ್ಯರಾದ ಜಾನ್ ಬೋನಿಕಾ ಸ್ವತಃ ಜಟ್ಟಿಯಾಗಿದ್ದವರು. ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿ, ಕುಸ್ತಿಯಾಡಿ ಗಳಿಸಿದ ಹಣದಿಂದ ವೈದ್ಯವಿದ್ಯೆ ಕಲಿತರು. ಅಖಾಡದ ಪೆಟ್ಟುಗಳ ನೋವನ್ನು ಬಾಳಿನುದ್ದಕ್ಕೂ ಅನುಭವಿಸಿದರು. 1953ರಲ್ಲಿ ನೋವಿನ ಚಿಕಿತ್ಸೆಯನ್ನು ಕುರಿತು ಹೆಬ್ಬೊತ್ತಗೆಯೊಂದನ್ನು ಬರೆದರು. 1973ರಲ್ಲಿ ಅವರು ಕರೆದ ಸಭೆಯಿಂದ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಆ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆಯೆಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸಿತು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, ಪೆಟ್ಟು ಅಥವಾ ಶಸ್ತ್ರಚಿಕಿತ್ಸೆಯ ತರುವಾಯ ಮೂರು ತಿಂಗಳು ಮೀರಿ ಉಳಿಯುವ ನೋವಿಗೆ ಪ್ರತ್ಯೇಕ ಸ್ಥಾನ ಸಿಕ್ಕಿದೆ. ಎರಿಕ್ಸನ್ ಮತ್ತು ಪೇಜ್ ಅವರ ಜಗಳಕ್ಕೆ ಇಷ್ಟು ಕಾಲ ಬೇಕಾಯಿತು.

ಇದನ್ನೆಲ್ಲ ತಿಳಿದುಕೊಳ್ಳುವುದರಿಂದ ನೋವು ಹೋಗುವುದೇ ಎಂದು ನೀವು ಕೇಳಬಹುದು. ನನ್ನದು ಹೋಗಿಲ್ಲ. ಆದರೆ ನಡವಳಿಕೆ ಬದಲಾಯಿತು. ಮೊದಲ ಎರಡು ವರ್ಷ ನಾನು ಮಾಡಬಾರದ್ದನ್ನೆಲ್ಲ ಮಾಡಿದೆ. ವೈದ್ಯರು ಆರು ವಾರಕ್ಕೆಂದು ಕೊಟ್ಟಿದ್ದ ಕತ್ತಿನ ಪಟ್ಟಿಯನ್ನು ಎಂಟು ತಿಂಗಳು ತೊಟ್ಟೆ. ದುಡಿಯದ ಮಾಂಸಖಂಡಗಳು ಸೊರಗಿ, ತಲೆಯನ್ನು ಹೊರಲಾರದಾದವು. ನೋಯುವ ಚಲನೆಯನ್ನೆಲ್ಲ ಬಿಟ್ಟೆ. ಬಿಟ್ಟಷ್ಟೂ ನೋಯುವ ಚಲನೆಗಳ ಪಟ್ಟಿ ಉದ್ದವಾಯಿತು. ನೋವು ತುಸು ತಗ್ಗಿದ ದಿನ ಒಂದೇ ಸಮನೆ ನೂರು ಉತ್ತರಪತ್ರಿಕೆಗಳನ್ನು ತಿದ್ದಿ, ಮುಂದಿನ ನಾಲ್ಕು ದಿನ ಮಲಗಿದೆ. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸಿಕೊಳ್ಳಲೂ ಹೊರಟಿದ್ದೆ, ದೈವವಶಾತ್ ಅಂಗಡಿ ಮುಚ್ಚಿತ್ತು. ಈ ಕೊನೆಯದನ್ನು ಓದುಗರು ಯಾರೂ ಮಾಡಿಸಿಕೊಳ್ಳಕೂಡದು. ಕಶೇರುಗಳ ರಂಧ್ರಗಳ ಮೂಲಕ ಮಿದುಳಿಗೆ ರಕ್ತ ಒಯ್ಯುವ ಧಮನಿಗಳು ಹಾದುಹೋಗುತ್ತವೆ; ತಟ್ಟನೆ ತಿರುಚಿದರೆ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಬಡಿದ ಪ್ರಸಂಗಗಳುಂಟು. ನನ್ನಂತೆ ಲೋಹದ ಪಟ್ಟಿಯಿರುವವರ ಮಾತಂತೂ ಹೇಳಬೇಕಾಗಿಲ್ಲ.

ಕೊನೆಗೆ ಫಿಸಿಯೊಥೆರಪಿಯ ತರುಣಿಯೊಬ್ಬರು ನನಗೆ ಕಲಿಸಿದ ಮೊದಲ ವ್ಯಾಯಾಮ, ಅಂಗಾತ ಮಲಗಿ ಹೂಂ ಎನ್ನುವಷ್ಟೇ ಗದ್ದವನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುವುದು. “ಸಾರ್, ಹತ್ತು ಎಣಿಸುವವರೆಗೆ ಮಾತ್ರ. ನೋವು ಜೋರಾಗುವುದಕ್ಕೆ ಮುಂಚೆಯೇ ಬಿಡಬೇಕು,” ಎನ್ನುತ್ತಿದ್ದರು. ಇದು ಕತ್ತಿನ ಮುಂಭಾಗದ ಒಳಮಾಂಸಖಂಡಗಳನ್ನು ಬಲಪಡಿಸುತ್ತದೆ. ಮೊದಲು ದಿನಕ್ಕೆ ಐದು ನಿಮಿಷದ ನಡಿಗೆ, ವಾರಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚು. ಒಳ್ಳೆಯ ದಿನ ಹೆಚ್ಚಿಸಬಾರದು, ಕೆಟ್ಟ ದಿನ ಪೂರ್ತಿ ಬಿಡಬಾರದು. ಉತ್ತರಪತ್ರಿಕೆಗಳಿಗೆ ಇಪ್ಪತ್ತು ನಿಮಿಷದ ಗಡಿಯಾರ ಇಟ್ಟುಕೊಂಡೆ. ಗಂಟೆಯಾದರೆ ವಾಕ್ಯದ ನಡುವೆಯೇ ಏಳುವುದು. ನಾಯಿಗೆ ಹಾಲಿನವನ ಪರಿಚಯ ಮಾಡಿಸುವುದೆಂದರೆ ಇದೇ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ; ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಔಷಧಿಗಳಿಗೂ ಸ್ಥಾನವಿದೆ, ಆದರೆ ಅಫೀಮಿನ ವರ್ಗದವು ದೀರ್ಘಕಾಲದಲ್ಲಿ ಉಪಕಾರಕ್ಕಿಂತ ಅಪಾಯವನ್ನೇ ಹೆಚ್ಚು ತರುವುದರಿಂದ ವೈದ್ಯರು ಅವನ್ನು ದೂರವಿಡುತ್ತಾರೆ. ಎಲ್ಲ ನೋವೂ ಹುಸಿ ಬೊಗಳಿಕೆಯೆಂದು ತಿಳಿಯುವುದೂ ಅಷ್ಟೇ ಅಪಾಯಕರ. ಕೈಯಿಂದ ಗುಂಡಿ ಹಾಕಿಕೊಳ್ಳಲಾರದಂತಾದರೆ, ನಡಿಗೆ ತಡವರಿಸಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಜ್ವರದೊಡನೆ ಕತ್ತು ಬಿಗಿದರೆ, ಆಗ ಕಳ್ಳನೇ ಬಂದಿರಬಹುದು. ಒಂದು ದಿನವೂ ತಡಮಾಡಬಾರದು. ರಸ್ತೆಯಲ್ಲಿ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಆಟೋರಿಕ್ಷಾದಲ್ಲಿ ಮುದುರಿ ಕೂರಿಸುವ ನಮ್ಮ ಅಭ್ಯಾಸವೂ ಹೋಗಬೇಕು. ಬೆಂಕಿ ಅಥವಾ ವಾಹನಗಳ ಅಪಾಯವಿಲ್ಲದಿದ್ದರೆ, ಉಸಿರಾಟ ಸರಾಗವಾಗಿದೆಯೇ ಎಂದು ನೋಡಿಕೊಂಡು, 108ಕ್ಕೆ ಕರೆಮಾಡಿ, ಆಂಬುಲೆನ್ಸ್ ಬರುವವರೆಗೆ ಅವರ ತಲೆ ಅಲುಗದಂತೆ ಹಿಡಿದಿರಬೇಕು.

ಈಗ ನನ್ನ ದಿನಗಳು ಬಹುಪಾಲು ಸುಸೂತ್ರವಾಗಿಯೇ ಸಾಗುತ್ತವೆ. ಕೆಲವು ತಿಂಗಳಿಗೊಮ್ಮೆ ನೋವು ಉಲ್ಬಣಿಸುತ್ತದೆ, ಮೂರು ನಾಲ್ಕು ದಿನವಿದ್ದು ಇಳಿಯುತ್ತದೆ. ಮೋಟಾರು ಸೈಕಲ್ಲನ್ನು ಮಾರಿದ್ದೇನೆ. ಕಾಲೇಜಿನ ಬಡಗಿಯಿಂದ ಎದೆಮಟ್ಟದ ಮೇಜೊಂದನ್ನು ಮಾಡಿಸಿ ತರಗತಿಯ ಹಿಂದಿನ ಗೋಡೆಗೆ ಇಟ್ಟಿದ್ದೇನೆ. ನಿಂತು ಪತ್ರಿಕೆ ತಿದ್ದುವುದಕ್ಕೆಂದು ಮಾಡಿಸಿದ್ದು. ಪಾಠದ ವೇಳೆಯಲ್ಲಿ ಅದು ಖಾಲಿಯಿರುವುದರಿಂದ, ನಿಂತು ಬರೆಯಬೇಕೆನಿಸಿದವರು ಕೇಳದೆ ಹೋಗಿ ನಿಲ್ಲಬಹುದೆಂದು ವರ್ಷದ ಮೊದಲ ದಿನವೇ ಹೇಳಿಬಿಡುತ್ತೇನೆ. ಈ ವರ್ಷ ಇಬ್ಬರು ನಿಲ್ಲುತ್ತಾರೆ.